ಸಹಪಾಠಿಯನ್ನು ಎಚ್ಚರಿಸುವ ಅಧಿಕಾರ

ಶಾಲೆಯು ವಿದ್ಯಾರ್ಜನೆಯ ಸ್ಥಾನ, ಅಲ್ಲಿಗೆ ರಾಜಕೀಯದ ಗಾಳಿ ಸೋಕಬಾರದು ಎಂಬುದು ಹಿರಿಯರಲ್ಲಿ ಬಹುಮಂದಿಯ ಅಭಿಮತ. ಶಾಲೆಗಳನ್ನು ನಡೆಸುವ ಆಡಳಿತ ಮಂಡಳಿಗಳಂತೂ ಇದನ್ನು ಅಲಿಖಿತ ನಿಯಮವೆಂಬಂತೆ ಪಾಲಿಸುತ್ತವೆ. ಪಕ್ಷಗಳ ಬಾವುಟ ಹಿಡಿದ ಬಾಲಕರು ಪುಸ್ತಕ ಮರೆತದ್ದನ್ನು ಕಂಡವರ ಮಾತಾದ್ದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಯಾವ ಪಕ್ಷಕ್ಕೂ ಸೇರದೆ, ತನ್ನ ಜೊತೆಯವರ ಗಮನವನ್ನು ದೇಶದ ಒಂದು ಗಂಭೀರ ಪ್ರಶ್ನೆಯತ್ತ ಸೆಳೆಯಬಯಸಿದರೆ ಅದು ಪಾಠಕ್ಕೆ ಭಂಗವೋ, ಪಾಠದ ಮುಂದುವರಿಕೆಯೋ? ಇದನ್ನು ಬರಿಯ ತರ್ಕದಿಂದ ನಿರ್ಣಯಿಸುವುದಕ್ಕಿಂತ ಒಂದು ನೈಜ ಪ್ರಕರಣವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು.

1965ರ ಡಿಸೆಂಬರ್. ಅಮೆರಿಕದ ಅಯೋವಾ ರಾಜ್ಯದ ಡಿ ಮೊಯಿನ್ ನಗರ. ವಿಯೆಟ್ನಾಂ ಯುದ್ಧದಲ್ಲಿ ಮಡಿದವರಿಗಾಗಿ ಶೋಕ ಸೂಚಿಸಲು, ಕದನವಿರಾಮಕ್ಕೆ ಬೆಂಬಲ ನೀಡಲು ಕೆಲವರು ವಿದ್ಯಾರ್ಥಿಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಲು ನಿಶ್ಚಯಿಸಿದರು. ಡಿಸೆಂಬರ್ 16ರಂದೂ ವರ್ಷದ ಕೊನೆಯ ದಿನವೂ ಉಪವಾಸವಿರುವುದು ಆ ಸಂಕಲ್ಪದ ಇನ್ನೊಂದು ಭಾಗ. ಅವರ ಶೋಕ ಉಭಯ ಪಕ್ಷಗಳಲ್ಲಿ ಮಡಿದವರಿಗೂ ಸಲ್ಲುವಂಥದು ಎಂಬುದು ಗಮನಾರ್ಹ. ಸುದ್ದಿ ತಿಳಿದ ಮುಖ್ಯೋಪಾಧ್ಯಾಯರು 14ರಂದೇ ಸಭೆ ಸೇರಿ, ಪಟ್ಟಿ ಕಟ್ಟಿದವರು ಅದನ್ನು ತೆಗೆಯಬೇಕು, ತೆಗೆಯದಿದ್ದರೆ ಶಾಲೆಯಿಂದ ಹೊರಗಿರಬೇಕು ಎಂದು ನಿಯಮ ಮಾಡಿದರು. ಆದರೂ 16ರಂದು ಹದಿಮೂರರ ಮೇರಿ ಬೆತ್ ಟಿಂಕರ್, ಹದಿನಾರರ ಕ್ರಿಸ್ಟೋಫರ್ ಎಕಾರ್ಟ್, ಮರುದಿನ ಮೇರಿಯ ಅಣ್ಣ, ಹದಿನೈದರ ಜಾನ್ ಪಟ್ಟಿ ಕಟ್ಟಿ ಹೋದರು. ಹದಿನೆಂಟು ಸಾವಿರ ವಿದ್ಯಾರ್ಥಿಗಳಿದ್ದ ಆ ನಗರದ ಶಾಲೆಗಳಿಂದ ಹೊರಗಾದವರು ಐವರು. ಹೊಸ ವರ್ಷ ಕಳೆದು, ತಾವು ನಿಶ್ಚಯಿಸಿದ್ದ ಅವಧಿ ಮುಗಿದ ಮೇಲಷ್ಟೇ ಅವರು ಮರಳಿದರು. ಟಿಂಕರ್ ಮನೆಯವರಿಗೆ ಬೆದರಿಕೆಗಳು ಬಂದವು; ಮನೆಯ ಮೇಲೆ ಕೆಂಪು ಬಣ್ಣ ಎರಚಲಾಯಿತು.

ಹುಡುಗರಿಗೆ ಯುದ್ಧದ ಗೊಡವೆ ಏಕೆ ಎಂದು ಕೇಳಬಹುದು. ಆ ದೇಶದಲ್ಲಿ ಆಗ ಹದಿನೆಂಟು ತುಂಬಿದ ಗಂಡುಮಕ್ಕಳು ಸೈನಿಕ ಸೇವೆಗೆ ಹೆಸರು ನೋಂದಾಯಿಸುವುದು ಕಡ್ಡಾಯವಾಗಿತ್ತು. ಮತದಾನದ ವಯಸ್ಸಾದರೋ ಅಯೋವಾದಲ್ಲಿ ಇಪ್ಪತ್ತೊಂದು. ಎಂದರೆ ಪ್ರೌಢಶಾಲೆಯ ಕೊನೆಯ ಬೆಂಚುಗಳಲ್ಲಿ ಕುಳಿತವನು ಎರಡು ವರ್ಷಗಳಲ್ಲಿ ಬಂದೂಕು ಹಿಡಿಯಬೇಕಾಗಬಹುದು, ಆದರೆ ಅದನ್ನು ಹಿಡಿಸಿದವರನ್ನು ಚುನಾಯಿಸುವ ಮಾತಿನಲ್ಲಿ ಅವನಿಗೆ ಪಾಲಿಲ್ಲ. (ಆ ವಯಸ್ಸು ಹದಿನೆಂಟಕ್ಕೆ ಇಳಿದದ್ದು 1971ರಲ್ಲಿ, ನಮ್ಮಲ್ಲಿ 1989ರಲ್ಲಿ.) ಸಾಲಪತ್ರಕ್ಕೆ ಸಹಿ ಹಾಕಬೇಕಾದವನು ಪತ್ರವನ್ನು ಮೊದಲೇ ಓದಬಾರದು ಎಂದು ವಿಧಿಸುವುದು ಯಾವ ನೀತಿ? ತಿಳಿದುಕೊಳ್ಳುವ ಅಗತ್ಯ ಯಾರಿಗಾದರೂ ಇದ್ದಿದ್ದರೆ ಅದು ಆ ಹುಡುಗರಿಗೇ ಇತ್ತು.

ಆದರೆ ತಿಳಿದುಕೊಳ್ಳುವ ಹಕ್ಕು ಬೇರೆ, ಇನ್ನೊಬ್ಬನಿಗೆ ತಿಳಿಸಹೊರಡುವ ಅಧಿಕಾರ ಬೇರೆ. ಸಹಪಾಠಿಯು ತಾನಾಗಿ ಬಂದ ಶ್ರೋತೃವಲ್ಲ. ಸಂತೆಯಲ್ಲಿ ಭಾಷಣ ಬೇಡವಾದವನು ಎದ್ದು ಹೋಗಬಹುದು, ತರಗತಿಯಲ್ಲಿರುವವನು ಹೋಗಲಾರ. ಅವನ ಮನಃಶಾಂತಿಯ ಮೇಲೆ ಮತ್ತೊಬ್ಬನಿಗೆ ಏನು ಅಧಿಕಾರ? ಮುಖ್ಯೋಪಾಧ್ಯಾಯರು ಕೊಟ್ಟ ಕಾರಣಗಳಲ್ಲಿ ಅತ್ಯಂತ ತೂಕದ್ದು ಇದೇ ಬಗೆಯದು. ಅಲ್ಲಿನ ಒಂದು ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ವಿಯೆಟ್ನಾಂನಲ್ಲಿ ಹತನಾಗಿದ್ದ. ಅವನ ಗೆಳೆಯರು ಇನ್ನೂ ಅದೇ ಶಾಲೆಯಲ್ಲಿ ಓದುತ್ತಿದ್ದರು. ಪ್ರದರ್ಶನ ನಡೆದರೆ ಅದು ಕೈಮೀರಬಹುದೆಂಬ ಭಯ.

ಈ ಕಾರಣವನ್ನು ಹಗುರವಾಗಿ ಕಾಣಲಾಗದು. ಗೆಳೆಯನನ್ನು ಕಳೆದುಕೊಂಡವನ ಪಕ್ಕದಲ್ಲಿ ಕುಳಿತು ಆ ಯುದ್ಧವೇ ತಪ್ಪೆಂದು ಘೋಷಣೆ ಕೂಗಿದ್ದರೆ ಅದು ಹಿಂಸೆಯೇ ಆಗುತ್ತಿತ್ತು. ಗೆಳೆಯನ ಸಾವು ವ್ಯರ್ಥವೆಂದು ಅವನ ಕಿವಿಯಲ್ಲಿ ಹೇಳಿದಂತೆ. ಆದರೆ ಈ ಮಕ್ಕಳು ಆರಿಸಿಕೊಂಡದ್ದು ಘೋಷಣೆಯನ್ನಲ್ಲ. ಎರಡು ಅಂಗುಲದ ಬಟ್ಟೆ, ಮೌನ, ಉಪವಾಸ. ಕಪ್ಪು ಪಟ್ಟಿಯು ಮೊದಲು ಹೇಳುವುದು ಸತ್ತವರಿದ್ದಾರೆ ಎಂಬುದನ್ನು. ಆ ಸತ್ತವರಲ್ಲಿ ಅವನ ಗೆಳೆಯನೂ ಸೇರಿದ್ದಾನೆ. ಅದು ಯಾರ ಕೈ ಹಿಡಿದೂ ಎಳೆಯುವುದಿಲ್ಲ. ಕೇಳಿದವನಿಗೆ ಉತ್ತರ ಉಂಟು, ಕೇಳದವನಿಗೆ ಬಾಧೆಯಿಲ್ಲ. ಪ್ರಚಾರಕನು ತನ್ನ ನಿರ್ಣಯವನ್ನು ಎದುರಿನವನ ತಲೆಯಲ್ಲಿ ಇರಿಸಿ ಬರುತ್ತಾನೆ. ಎಚ್ಚರಿಸುವವನು ಪ್ರಶ್ನೆಯನ್ನಷ್ಟೇ ಇರಿಸಿ, ನಿರ್ಣಯವನ್ನು ಅವನಿಗೇ ಬಿಡುತ್ತಾನೆ, ಬೆಲೆಯನ್ನು ತಾನೇ ತೆರುತ್ತಾನೆ. ಇಲ್ಲಿ ಪಾಠ ತಪ್ಪಿದ್ದು ಪಟ್ಟಿ ಕಟ್ಟಿದವರಿಗೇ ಹೊರತು ಉಳಿದವರಿಗಲ್ಲ. ಮೇರಿ ಬೆತ್‌ಳ ಗಣಿತದ ತರಗತಿಯಲ್ಲಿ ವಾಗ್ವಾದದಿಂದ ಪಾಠ ಕೆಟ್ಟಿತೆಂಬ ಮಾತೊಂದು ದಾಖಲೆಯಲ್ಲಿದೆ. ಅದು ನಿಜವಿದ್ದರೂ, ಒಂದು ಗಂಟೆಯ ಪಾಠ ಕೆಡಿಸಲು ಇದಕ್ಕಿಂತ ಕ್ಷುಲ್ಲಕವಾದ ನೂರು ಕಾರಣಗಳು ಯಾವ ಶಾಲೆಯಲ್ಲಿಲ್ಲ?

ಮುಖ್ಯೋಪಾಧ್ಯಾಯರ ಪಕ್ಷವನ್ನು ನಿಜಕ್ಕೂ ದುರ್ಬಲಗೊಳಿಸಿದ್ದು ಇನ್ನೊಂದು ಸಂಗತಿ. ಚುನಾವಣಾ ಪ್ರಚಾರದ ಬಿಲ್ಲೆಗಳನ್ನು ಅಂಗಿಗೆ ಚುಚ್ಚಿಕೊಂಡು ಬರುವವರು ಅದೇ ಶಾಲೆಗಳಲ್ಲಿದ್ದರು. ನಾಜಿಗಳ ನೆನಪು ತರುವ ಕಬ್ಬಿಣದ ಶಿಲುಬೆಯನ್ನು ಧರಿಸಿದವರೂ ಇದ್ದರು. ಅವರನ್ನು ಯಾರೂ ತಡೆದಿರಲಿಲ್ಲ. ಶಾಲೆಯಲ್ಲಿ ಯಾವ ಚಿಹ್ನೆಯೂ ಸಲ್ಲದು ಎಂಬ ನಿಯಮವಿದ್ದರೆ ಅದರ ಸಾಧಕಬಾಧಕಗಳನ್ನು ಬೇರೆ ಚರ್ಚಿಸಬಹುದಿತ್ತು. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು ಕಲ್ಲು ಇಟ್ಟ ಅಂಗಡಿಯಲ್ಲಿ ತಕ್ಕಡಿ ಎಷ್ಟು ನೇರವಿದ್ದರೇನು? ಶಿಸ್ತಿನ ಹೆಸರಿನಲ್ಲಿ ತಡೆದದ್ದು ಗದ್ದಲವನ್ನಲ್ಲ, ಒಂದು ಅಭಿಪ್ರಾಯವನ್ನು.

ಇಷ್ಟಾದರೂ ಆ ಕುಟುಂಬದ ನಡೆಯಲ್ಲಿ ಎಲ್ಲವೂ ಒಪ್ಪತಕ್ಕದ್ದಲ್ಲ. ಟಿಂಕರ್ ಮಕ್ಕಳ ತಂದೆ ಮೆಥಡಿಸ್ಟ್ ಪಾದ್ರಿ, ಶಾಂತಿಕಾರ್ಯದಲ್ಲಿ ನಿರತರಾದವರು; ಎಕಾರ್ಟನ ತಾಯಿ ಮಹಿಳೆಯರ ಶಾಂತಿಸಂಘವೊಂದರ ಪದಾಧಿಕಾರಿ. ಮಕ್ಕಳ ತೋಳಿನಲ್ಲಿದ್ದದ್ದು ಹಿರಿಯರ ಮತವೇ ಎಂಬ ಆಕ್ಷೇಪ ಸಹಜ. ಹದಿಮೂರರಿಂದ ಹದಿನಾರರವರ ವಿಷಯದಲ್ಲಿ ಈ ಆಕ್ಷೇಪ ನಿಲ್ಲದು. ಪಿತ್ರಾರ್ಜಿತ ಆಸ್ತಿಯೂ ಮಗನದೇ. ಅದಕ್ಕಾಗಿ ಅವನು ಕಷ್ಟನಷ್ಟ ಅನುಭವಿಸಿದಾಗ ಇನ್ನಷ್ಟು ಅವನದಾಗುತ್ತದೆ. ಆದರೆ ಎರಡನೆಯ ತರಗತಿಯಲ್ಲಿದ್ದ ಎಂಟು ವರ್ಷದ ತಮ್ಮ ಪಾಲನೂ ಪಟ್ಟಿ ಕಟ್ಟಿದ್ದ. ಅವನು ಎಚ್ಚರಿಸಬೇಕಾಗಿದ್ದ ಸಹಪಾಠಿಗಳೂ ಎಂಟು ವರ್ಷದವರೇ. ಸಾವು ಎಂದರೇನೆಂದು ಇನ್ನೂ ಸರಿಯಾಗಿ ತಿಳಿಯದವರಿಗೆ ಯುದ್ಧ, ಕದನವಿರಾಮಗಳ ಬಗೆಗೆ ಯಾವ ವಿವೇಕವನ್ನು ನಿರೀಕ್ಷಿಸುವುದು? ಮನೆಯಲ್ಲಿ ಅವನನ್ನು ತಡೆಯಬೇಕಿತ್ತು. ಸತ್ಕಾರ್ಯದ ಉತ್ಸಾಹದಲ್ಲಿ ಹಸುಮಕ್ಕಳನ್ನೂ ಮುಂದೆ ನಿಲ್ಲಿಸುವ ಅಭ್ಯಾಸ ಎಲ್ಲ ಸಮಾಜಗಳಲ್ಲೂ ಉಂಟು.

ವ್ಯಾಜ್ಯ ನ್ಯಾಯಾಲಯಗಳನ್ನು ಹತ್ತಿ, 1969ರ ಫೆಬ್ರವರಿ 24ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಏಳು-ಎರಡರ ಬಹುಮತದಿಂದ ವಿದ್ಯಾರ್ಥಿಗಳ ಪರ ತೀರ್ಪಿತ್ತಿತು. ಪಾಠಕ್ರಮಕ್ಕೆ ಗಣನೀಯ ಅಡ್ಡಿಯಾಗುವುದೆಂದು ತೋರಿಸದೆ, ಬರಿಯ ಆತಂಕದ ಮೇಲೆ ಅಭಿಪ್ರಾಯವನ್ನು ಹತ್ತಿಕ್ಕಲಾಗದು ಎಂಬುದು ಅದರ ಸಾರ. ಭಿನ್ನಮತ ಬರೆದ ಇಬ್ಬರಲ್ಲಿ ಒಬ್ಬರಾದ ಹ್ಯೂಗೋ ಬ್ಲ್ಯಾಕ್ ವಾಕ್ ಸ್ವಾತಂತ್ರ್ಯದ ಕಟ್ಟಾ ಪಕ್ಷಪಾತಿಯೆಂದು ಹೆಸರಾದವರು. ಮಕ್ಕಳು ಶಾಲೆಗೆ ಬರುವುದು ಕಲಿಯಲು, ಕಲಿಸಲು ಅಲ್ಲ ಎಂಬ ಧಾಟಿಯ ಅವರ ವಾದವನ್ನು ಶಾಲಾಡಳಿತದವರು ಒಮ್ಮೆಯಾದರೂ ಓದತಕ್ಕದ್ದು.

ಆಡಳಿತದವರಿಗೆ ಇದಕ್ಕಿಂತಲೂ ಹತ್ತಿರದ ಪ್ರಶ್ನೆ ಶಾಲೆಯ ಹೆಸರಿನದು. 1983ರಲ್ಲಿ ಮಿಸ್ಸೂರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಪ್ರೌಢಶಾಲೆಯ ವಿದ್ಯಾರ್ಥಿ ಪತ್ರಿಕೆಯಿಂದ ಎರಡು ಪುಟಗಳನ್ನು ಮುಖ್ಯೋಪಾಧ್ಯಾಯರು ತೆಗೆದುಹಾಕಿದರು. 1988ರಲ್ಲಿ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತೋಳಿನ ಪಟ್ಟಿ ವಿದ್ಯಾರ್ಥಿಯ ಸ್ವಂತ ಮಾತು, ಶಾಲಾಪತ್ರಿಕೆ ಶಾಲೆಯ ಮೊಹರು ಹೊತ್ತ ಮಾತು ಎಂಬ ಭೇದ ಇಲ್ಲಿ ಕೆಲಸ ಮಾಡಿದೆ. ಪಾಲುದಾರಿಕೆಯ ಪೇಟೆಯಲ್ಲಿ ಬಾಳಿದವರಿಗೆ ಈ ಭೇದ ಹೊಸದಲ್ಲ: ಸ್ವಂತ ಖಾತೆಯ ವ್ಯವಹಾರ ಒಂದು, ಸಂಸ್ಥೆಯ ಹೆಸರಿನಲ್ಲಿ ಬರೆದ ಹುಂಡಿ ಮತ್ತೊಂದು. ಎರಡನೆಯದಕ್ಕೆ ಎಲ್ಲ ಪಾಲುದಾರರೂ ಹೊಣೆ.

ಈ ಭೇದವನ್ನು ಒಪ್ಪಿದರೂ ಡಿ ಮೊಯಿನ್‌ನ ಒಂದು ವಿವರ ಕಾಡುತ್ತದೆ. ಮುಖ್ಯೋಪಾಧ್ಯಾಯರ ಆ ಸಭೆ ಕರೆದದ್ದಕ್ಕೆ ನಿಮಿತ್ತವಾದದ್ದು ಪಟ್ಟಿಯಲ್ಲ, ವಿದ್ಯಾರ್ಥಿಯೊಬ್ಬನ ಕೋರಿಕೆ. ವಿಯೆಟ್ನಾಂ ಕುರಿತು ಶಾಲಾಪತ್ರಿಕೆಯಲ್ಲಿ ಲೇಖನ ಬರೆಯಬೇಕೆಂದು ಅವನು ಪತ್ರಿಕಾ ವಿಷಯದ ಅಧ್ಯಾಪಕರ ಬಳಿ ಹೇಳಿದ್ದ. ಅವನ ಮನವೊಲಿಸಿ ಬಿಡಿಸಲಾಯಿತು. ಹಿರಿಯರನ್ನೇ ಕೇಳಿ, ಹಿರಿಯರ ಪತ್ರಿಕೆಯಲ್ಲೇ, ಹೆಸರು ಹಾಕಿ ಬರೆಯಲು ಬಂದ ಹುಡುಗ. ಯುದ್ಧವನ್ನು ಸಮರ್ಥಿಸುವ ಇನ್ನೊಬ್ಬನನ್ನೂ ಕರೆದು ಎರಡು ಲೇಖನಗಳನ್ನು ಎದುರುಬದುರು ಅಚ್ಚು ಹಾಕಿಸಬಹುದಿತ್ತು. ಅದಕ್ಕೆ ತಗಲುತ್ತಿದ್ದ ವೆಚ್ಚ ಒಂದು ಪುಟದ ಕಾಗದ.