ಹಾಸಿನ ಕೆಳಗೆ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ನೆಲವೆಂದರೆ ದಿಮ್ಮಸು ಹಾಕಿ ಬಡಿದ ಮಣ್ಣು, ಅದರ ಮೇಲೆ ಗಾರೆ. ನೆಲವೂ ಅಲುಗಬಲ್ಲದು ಎಂದು ನನಗೆ ತಿಳಿದದ್ದು ಅಮೆರಿಕದ ಒಹಾಯೋದಲ್ಲಿರುವ ಮಗನ ಮನೆಗೆ ಹೋದಾಗ. ಅಲ್ಲಿ ಮರದ ತೊಲೆಗಳ ಮೇಲೆ ಪ್ಲೈವುಡ್, ಅದರ ಮೇಲೆ ಹಾಸು.

ಅವನು ಆ ಮನೆ ಮಾರುವವನಿದ್ದ. ಬಚ್ಚಲುಮನೆಗೆ ಟೈಲ್ಸ್ ಹಾಕಿದರೆ ಒಳ್ಳೆಯ ಬೆಲೆ ಬರುತ್ತದೆಂಬ ಲೆಕ್ಕ. ಕಮೋಡಿನ ಪಕ್ಕ ಕಾಲಿಟ್ಟರೆ ನೆಲ ಮೆತ್ತಗೆ ತಗ್ಗುತ್ತಿತ್ತು.

"ಇದರ ಮೇಲೇ ಅಂಟಿಸಿಬಿಡೋ, ಯಾರಿಗೆ ಕಾಣುತ್ತೆ?" ಎಂದೆ.

ಅವನು ಮಾತಾಡದೆ ಹಾಸು ಕಿತ್ತ. ನೀರು ಕುಡಿದು ಕಪ್ಪಾಗಿದ್ದ ಪ್ಲೈವುಡ್ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು.

ಎರಡು ವಾರ ಅದೇ ಕೆಲಸ. ಕೊಳೆತದ್ದನ್ನು ಕತ್ತರಿಸಿ ತೆಗೆದು, ತೊಲೆಗೆ ಜೋಡಿ ಮರ ಕೊಟ್ಟು, ಹೊಸ ಪ್ಲೈವುಡ್ಡನ್ನು ಸ್ಕ್ರೂಗಳಿಂದ ಬಿಗಿದ. ಹಲಗೆಗಳ ನಡುವೆ 1/8 ಇಂಚು ಸಂದು ಬಿಟ್ಟ. ಮರ ತೇವಕ್ಕೆ ಉಬ್ಬುತ್ತದೆ, ಟೈಲ್ ಉಬ್ಬುವುದಿಲ್ಲ. ಮೇಲೆ ಸಿಮೆಂಟ್ ಹಲಗೆ ಹಾಸಿದ. 10 ಅಡಿಯ ತೊಲೆ ಭಾರಕ್ಕೆ 1/3 ಇಂಚಿಗಿಂತ ಹೆಚ್ಚು ಬಾಗಬಾರದಂತೆ. ಬಾಗಿದರೆ ಸಂದಿನ ಸಿಮೆಂಟು, ಆಮೇಲೆ ಟೈಲ್ ಬಿರಿಯುತ್ತದೆ. ಅಷ್ಟರಲ್ಲಿ ಮನೆ ಬೇರೆಯವರದಾಗಿರುತ್ತದೆ.

ಮನೆ ಮಾರುವವರು ತಮಗೆ ಗೊತ್ತಿರುವ ದೋಷಗಳನ್ನು ನಮೂನೆಯಲ್ಲಿ ಬರೆದುಕೊಡಬೇಕೆಂಬ ಕಾಯಿದೆ ಅಲ್ಲಿದೆ. ಕೊಳೆತದ್ದನ್ನೂ ಸರಿಮಾಡಿದ್ದನ್ನೂ ಅವನು ಬರೆಯುತ್ತಿದ್ದಾಗ ಕೇಳಿದೆ: "ಕಿತ್ತು ನೋಡದೇ ಇದ್ದಿದ್ದರೆ, ಗೊತ್ತಿಲ್ಲ ಅಂತ ಬರೀಬಹುದಿತ್ತಲ್ಲವೇನೋ?"

"ಕಾಲಿಗೆ ಗೊತ್ತಾಗಿತ್ತಲ್ಲಮ್ಮ" ಎಂದ.

ಆ ಮಾತು ನನ್ನನ್ನು ಬಿಡಲಿಲ್ಲ. ಹಿಂದೊಮ್ಮೆ ನನ್ನ 7ನೆಯ ತರಗತಿಯಲ್ಲಿ ಭಿನ್ನರಾಶಿ ಬಾರದ ಹುಡುಗಿಯೊಬ್ಬಳು ಕಡೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಎಬ್ಬಿಸಿ ಕೇಳಿದರೆ ಅವಳಿಗೆ ಬಾರದೆಂದು ಖಚಿತವಾಗುತ್ತದೆ. ಆದರೆ ಮೊದಲಿನಿಂದ ಕಲಿಸಬೇಕಾಗುತ್ತದೆ. ಪಾಠ ಹಿಂದೆ ಬೀಳುತ್ತದೆ. ಹಾಗಾಗಿ ಕೇಳಲೇ ಇಲ್ಲ. ಪಾಸು ಮಾಡಿ ಕಳಿಸಿದೆ. 10ನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾಗಿ ಅವಳು ಓದು ಬಿಟ್ಟಳು. ಆಗ ಅವಳು ಬೇರೆ ಮೇಷ್ಟ್ರ ಕೈಯಲ್ಲಿದ್ದಳು. ನನ್ನನ್ನು ಯಾರೂ ಕೇಳಲಿಲ್ಲ.

ಸುಳ್ಳು ಹೇಳಬಾರದೆಂದು ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ನಿಜ ತಿಳಿಯದಂತೆ ಎಚ್ಚರಿಕೆಯಿಂದಿರುವುದೂ ಒಂದು ಬಗೆಯ ಸುಳ್ಳೆಂಬುದನ್ನು ಮಾತ್ರ ನಾನೇ ಕಲಿತಿರಲಿಲ್ಲ. ನನ್ನ ಮಗ ತನ್ನ ನೆಲವನ್ನು ಕಿತ್ತು ಸರಿಮಾಡಿದ. ಆ ಹುಡುಗಿಯ 7ನೆಯ ತರಗತಿಯನ್ನು ನಾನು ಮತ್ತೆ ತೆರೆಯಲಾರೆ.

ಈಗ ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನು ಕಡೆಯ ಬೆಂಚಿನಿಂದ ಶುರುಮಾಡುತ್ತೇನೆ. ಪಾಠ ಹಿಂದೆ ಬೀಳುತ್ತದೆ.