ನೆರೆಮನೆಯ ಹಸುಳೆಯ ಹಕ್ಕು

ಸಾರಿಗೆ ಸ್ವಲ್ಪ ನೀರು ಹೆಚ್ಚು ಹಾಕಿಯಾದರೂ ನೆರೆಮನೆಗೆ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ನಮ್ಮ ಮನೆಯಿಂದ ನೆರೆಮನೆಗೆ ಹೋಗಬಾರದ್ದೂ ಒಂದಿದೆ. ಅದು ದಡಾರ.

ಮಕ್ಕಳಿಗೆ ಬಂದು ಹೋಗುವ ಕಾಯಿಲೆಯೆಂದು ಅದನ್ನು ಹಗುರವಾಗಿ ಕಾಣುವವರಿದ್ದಾರೆ. ಬಂದದ್ದು ಎಲ್ಲರಲ್ಲೂ ಸುಮ್ಮನೆ ಹೋಗುವುದಿಲ್ಲ. ನ್ಯುಮೋನಿಯಾ, ಭೇದಿ, ಮೆದುಳಿನ ಬಾವು ಅದರ ಬೆನ್ನಿಗೇ ಬರಬಹುದು. ಕೆಲವು ಮಕ್ಕಳು ದೃಷ್ಟಿ ಕಳೆದುಕೊಳ್ಳುತ್ತಾರೆ, ಕೆಲವರು ಪ್ರಾಣವನ್ನೇ. ರೋಗಿ ಕೋಣೆಯಿಂದ ಹೊರಟುಹೋದ ಮೇಲೂ ಎರಡು ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿ ರೋಗಾಣು ಉಳಿಯಬಲ್ಲದು. ರಕ್ಷಣೆಯಿಲ್ಲದ 10 ಮಂದಿ ಹತ್ತಿರವಿದ್ದರೆ 9 ಮಂದಿಗೆ ತಗಲುತ್ತದೆ. ಮೈಮೇಲೆ ದದ್ದು ಏಳುವ 4 ದಿನ ಮೊದಲೇ ಹರಡತೊಡಗುವುದರಿಂದ, ಕಾಯಿಲೆ ಗೊತ್ತಾದ ಮೇಲೆ ಮಗುವನ್ನು ಒಳಗಿಟ್ಟರೆ ಸಾಲದು.

ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಕೊಡುವುದು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಹಾಗಾದರೆ ಆರು ತಿಂಗಳ ಹಸುಳೆಗೆ ಕಾವಲು ಯಾರು? ಸುತ್ತಲಿನ ಮಕ್ಕಳೇ. 100ರಲ್ಲಿ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿದ್ದರೆ ರೋಗಕ್ಕೆ ದಾರಿ ಸಿಗದು. 'ನಮ್ಮ ಮಗು, ನಮ್ಮಿಷ್ಟ' ಎನ್ನುವವರು ಆ ಹಸುಳೆಯ ಕಾವಲನ್ನು ಕೇಳದೆಯೇ ತೆಗೆಯುತ್ತಾರೆ. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯ ಇಕ್ಕಟ್ಟಾದ ಗಲ್ಲಿಗಳಲ್ಲಿ ದಡಾರ ಹಬ್ಬಿ ಪುಟ್ಟ ಮಕ್ಕಳು ತೀರಿಕೊಂಡರು. ಹೆಚ್ಚಿನವರು ನಮ್ಮ ಸಮುದಾಯದ ಬಡವರೇ ಇರುವ ಜಾಗವದು.

ಎಲ್ಲವೂ ಅಲ್ಲಾಹನ ವಿಧಿಯಲ್ಲವೇ ಎನ್ನುತ್ತಾರೆ. ಹೌದು. ಹಿಜರಿ 18ರ (ಕ್ರಿ.ಶ. 639) ಸುಮಾರಿಗೆ ಶಾಮ್ ನಾಡಿನಲ್ಲಿ ಪ್ಲೇಗ್ ಹಬ್ಬಿದಾಗ ಹಝ್ರತ್ ಉಮರ್(ರ) ತಮ್ಮ ಜನರೊಂದಿಗೆ ಗಡಿಯಿಂದಲೇ ಹಿಂದಿರುಗಿದರು. ಇದು ವಿಧಿಯಿಂದ ಓಟವಲ್ಲವೇ ಎಂಬ ಪ್ರಶ್ನೆ ಎದ್ದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆಂಬ ಅರ್ಥದ ಉತ್ತರ ಕೊಟ್ಟರು. ಅವರಿಗಿಂತ ಹೆಚ್ಚಿನ ತವಕ್ಕುಲ್ ನಮ್ಮದೆಂದು ಹೇಳುವ ಧೈರ್ಯ ಯಾರಿಗಿದೆ?

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಈ ಲಸಿಕೆಯ ಅಭಿಯಾನ ನಡೆದಾಗ, ಇದರಿಂದ ಮುಂದೆ ಸಂತಾನವಾಗದೆಂದು ಮೊಬೈಲುಗಳಲ್ಲಿ ಗಾಳಿಸುದ್ದಿ ಹರಿದಾಡಿತು. ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂಬ ಸೂರಾ ಹುಜುರಾತ್‌ನ ಆದೇಶ ಆಗ ನಮ್ಮಲ್ಲಿ ಎಷ್ಟು ಮಂದಿಗೆ ನೆನಪಾಯಿತೋ! ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿಯಾಗಬಹುದು. ಇದು ಅದನ್ನೇ ತಡೆಯುವ ಲಸಿಕೆ.

ಹಲಾಲ್-ಹರಾಮ್‌ನ ಪ್ರಶ್ನೆ ಕೇಳುವವರನ್ನು ಮಾತ್ರ ನಗೆಯಾಡಬಾರದು, ಅದು ಈಮಾನಿನ ಪ್ರಶ್ನೆ. ಇಂಡೋನೇಷ್ಯಾದ ಉಲಮಾ ಮಂಡಳಿ 2018ರ ಆಗಸ್ಟ್‌ನಲ್ಲಿ ಇದನ್ನೇ ಚರ್ಚಿಸಿತು. ತಯಾರಿಕೆಯಲ್ಲಿ ನಿಷಿದ್ಧ ಅಂಶ ಬಳಕೆಯಾಗಿದೆ ಎಂದು ಮುಚ್ಚಿಡದೆ ಹೇಳಿತು. ಬದಲಿ ಲಸಿಕೆ ಸಿಗದಿರುವಾಗ, ಮಕ್ಕಳಿಗೆ ಅಪಾಯವಿರುವಾಗ, ಅನಿವಾರ್ಯತೆಯ ನಿಯಮದಂತೆ ಕೊಡಿಸಬಹುದೆಂದೂ ಹೇಳಿತು. ಜನ ಮೊದಲರ್ಧ ಮಾತ್ರ ಕೇಳಿಸಿಕೊಂಡ ಕಡೆಗಳಲ್ಲಿ ಮಕ್ಕಳು ಲಸಿಕೆಯಿಲ್ಲದೆ ಉಳಿದರು.

ಇಂದೇ ತಾಯಿ ಕಾರ್ಡ್ ತೆಗೆದು ನೋಡಿರಿ. ಎರಡನೆಯ ಡೋಸ್ ಬಿಟ್ಟುಹೋಗಿದ್ದರೆ ಮಗುವಿಗೆ 5 ವರ್ಷ ತುಂಬುವವರೆಗೂ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ವಾರದ ಬಳಿಕ ಕೆಲವು ಮಕ್ಕಳಿಗೆ ಸ್ವಲ್ಪ ಜ್ವರ ಬರುವುದುಂಟು; ಅದನ್ನು ಅಜ್ಜಿಯಂದಿರಿಗೆ ಮೊದಲೇ ತಿಳಿಸಿಡಿರಿ.