ಹೊರೆಯೇ ಕಾಯಕವೇ?

ಕಾಯಿಲೆಯಿಂದ ಎದ್ದವರನ್ನು ಕಂಡಾಗ ನಾವು ಕೇಳುವ ಮೊದಲ ಪ್ರಶ್ನೆ ‘ಹೇಗಿದ್ದೀರಿ?’ ಎಂದಾದರೆ, ಎರಡನೆಯದು ‘ಕೆಲಸಕ್ಕೆ ಯಾವಾಗಿನಿಂದ?’ ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಮಾಲನಿಗೋ, ಹೋಟೆಲಿನಲ್ಲಿ ಅಕ್ಕಿಮೂಟೆ ಎತ್ತುವವನಿಗೋ ಅದು ಚುಚ್ಚುತ್ತದೆ. ಮೊದಲಿನ ಹೊರೆಯನ್ನೇ ಮತ್ತೆ ಹೊತ್ತರೆ ಮಾತ್ರ ಅವನು ಮೊದಲಿನ ಮನುಷ್ಯನೇ? ಇದು ವೈದ್ಯರ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಹೌದು.

ಮೊದಲು ವಿಷಯ ತಿಳಿಯೋಣ. ಸೊಂಟದ ಭಾಗದಲ್ಲಿ ಐದು ಕಶೇರುಕಗಳಿವೆ. ನಡುನಡುವೆ ಮೆತ್ತೆಯಂತಹ ಡಿಸ್ಕುಗಳು. ಡಿಸ್ಕು ಕೆಟ್ಟು, ಬೇರೆ ಉಪಾಯ ಫಲಿಸದಿದ್ದಾಗ ಕೆಲವರಿಗೆ ಎರಡು ಕಶೇರುಕಗಳನ್ನು ಬೆಸೆಯುತ್ತಾರೆ. 1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ ಎಂಬ ವೈದ್ಯರು ಬೇರೆ ಬೇರೆಯಾಗಿ ಈ ದಾರಿ ತೆರೆದರು. ಆಗ ಅದು ಬೆನ್ನುಮೂಳೆಯ ಕ್ಷಯಕ್ಕಾಗಿ. ಇಂದು ಸ್ಕ್ರೂ, ಸರಳುಗಳು ಹಿಡಿದು ನಿಲ್ಲಿಸುತ್ತವೆ ನಿಜ. ಆದರೆ ಕೊನೆಗೆ ಬೆಸೆಯುವುದು ಲೋಹವಲ್ಲ, ಬೆಳೆಯುವ ಮೂಳೆ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಕೆಲವರಿಗೆ ವರ್ಷವೇ ಹಿಡಿಯಬಹುದು. ಹೊಲಿಗೆ ಮಾಯ್ದರೆ ಬೆನ್ನು ಗಟ್ಟಿಯಾಯಿತೆಂದಲ್ಲ. ಬೆಸೆದ ಗಂಟು ಬಾಗದು. ಅದರ ಪಾಲಿನ ಒತ್ತಡ ಮೇಲಿನ, ಕೆಳಗಿನ ಗಂಟುಗಳಿಗೆ ಹೋಗುತ್ತದೆ. ಹಾಗೆಂದು ಹಾಸಿಗೆ ಹಿಡಿಯಬೇಕಿಲ್ಲ. ನಡಿಗೆ ಬೇಕೇ ಬೇಕು. ಕೆಲವರು ಭಾರದ ಕೆಲಸಕ್ಕೂ ಮರಳುತ್ತಾರೆ, ಕೆಲವರಿಗೆ ಸಾಧ್ಯವಾಗುವುದಿಲ್ಲ. ಮರಳದವನನ್ನು ಹೇಡಿಯೆನ್ನುವುದು ಅಜ್ಞಾನ.

ಇನ್ನು ನಮ್ಮ ಸುತ್ತಲಿನ ಲೋಕ ನೋಡೋಣ. ಕಲ್ಯಾಣದ ರೈಲ್ವೆ ಶೆಡ್ಡಿನ ನೌಕರ ಆ ಕೆಲಸಕ್ಕೆ ಅನರ್ಹನೆಂದು ರೈಲ್ವೆ ವೈದ್ಯರು ಬರೆದರೆ, ಅವನಿಗೆ ಬೇರೆ ಹುದ್ದೆ ಹುಡುಕುವ ಪದ್ಧತಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೆಯ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ; ಆ ಹುದ್ದೆಗೆ ತಕ್ಕವನಲ್ಲದಿದ್ದರೆ ಅದೇ ವೇತನಶ್ರೇಣಿಯಲ್ಲಿ ಬೇರೆ ಕೆಲಸ ಕೊಡಬೇಕು. ಒಂದು ಕಲಂ ಒಂದು ಸಂಸಾರದ ಮಾನ ಉಳಿಸಬಲ್ಲದೆಂದು ನಮ್ಮಂತಹ ಗುಮಾಸ್ತರಿಗೆ ಚೆನ್ನಾಗಿ ಗೊತ್ತು.

ವಾಶಿಯ ಮಾರುಕಟ್ಟೆಗೆ ಬಂದರೆ ಮಾತೇ ಬೇರೆ. ಮಾಥಾಡಿ ಕಾರ್ಮಿಕರಿಗೆ ಅಣ್ಣಾಸಾಹೇಬ ಪಾಟೀಲರ ಹೋರಾಟದಿಂದ 1969ರ ಕಾಯ್ದೆ ಬಂತು. ಮಂಡಳಿ, ಭವಿಷ್ಯನಿಧಿ ಬಂದವು. ಆದರೂ ಕೂಲಿ ಬಹುಮಟ್ಟಿಗೆ ಹೊತ್ತ ಮೂಟೆಯ ಲೆಕ್ಕಕ್ಕೇ. ಡೊಂಬಿವಲಿ, ಠಾಣೆಯ ಸಣ್ಣ ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಅಂತಹ ಮಂಡಳಿಯೂ ಇಲ್ಲ. ಒಂದೇ ಬಗೆಯ ಬೆನ್ನು, ಒಂದೇ ಬಗೆಯ ಚಿಕಿತ್ಸೆ. ಒಬ್ಬನಿಗೆ ಬೇರೆ ಕುರ್ಚಿ, ಇನ್ನೊಬ್ಬನಿಗೆ ಅದೇ ಮೂಟೆ.

‘ದುಡಿಯದೆ ಉಣ್ಣುವುದು ಹೀನವಲ್ಲವೇ? ಅವನೇ ಹೊರುತ್ತೇನೆಂದರೆ ತಡೆಯಲು ನಾವು ಯಾರು?’ ಎಂದು ಕೆಲವರು ಕೇಳಬಹುದು. ಅವನ ಇಚ್ಛೆಗೆ ಬೆಲೆಯಿದೆ, ಒಪ್ಪೋಣ. ಆದರೆ ಮನೆಬಾಡಿಗೆಯ ಚಿಂತೆಯಿಲ್ಲದಿದ್ದರೆ ಅವನು ಆ ಮೂಟೆಗೆ ಕೈಹಾಕುತ್ತಿದ್ದನೇ? ಇಲ್ಲವೆಂದಾದರೆ ಅದು ಇಚ್ಛೆಯಲ್ಲ, ಗತಿಗೆಟ್ಟ ಒಪ್ಪಿಗೆ. ಅದನ್ನು ಶೌರ್ಯವೆಂದು ಹೊಗಳಿ ಕೈತೊಳೆದುಕೊಳ್ಳುವುದು ನಮಗೆ ಸುಲಭ.

ಕಾಯಕದ ಮಾತಿಗೆ ನಾವು ಶರಣರನ್ನು ನೆನೆಯುತ್ತೇವೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬುದು ಎಲ್ಲರಿಗೂ ತಿಳಿದ ಕಥೆ. ಆ ಮಾತನ್ನು ಆಸೆಯ ಮಿತಿಗೆ ಅನ್ವಯಿಸುತ್ತೇವೆ. ಹೊರೆಯ ಮಿತಿಗೂ ಅನ್ವಯಿಸಬಾರದೇಕೆ? ಕಾಯಕಕ್ಕೆ ಬೇಕಾದುದು ಶ್ರದ್ಧೆ, ಪ್ರಾಮಾಣಿಕತೆ. ಇಷ್ಟು ಕಿಲೋ ಎಂಬ ಲೆಕ್ಕ ಅದಕ್ಕಿಲ್ಲ. ಗಲ್ಲಾದಲ್ಲಿ ಕುಳಿತು ಸರಿಯಾಗಿ ಚಿಲ್ಲರೆ ಎಣಿಸುವುದೂ ಕಾಯಕವೇ.

ನಮ್ಮಲ್ಲಿ ಹೋಟೆಲು, ಅಂಗಡಿ ನಡೆಸುವವರು ಅನೇಕರಿದ್ದಾರೆ. ಬೆನ್ನು ಬೆಸೆಸಿಕೊಂಡು ಬಂದವನಿಗೆ ಕೂಪನ್ ಕೊಡುವ, ಲೆಕ್ಕ ಬರೆಯುವ ಕೆಲಸವನ್ನು ಹಳೆಯ ಸಂಬಳದಲ್ಲೇ ಕೊಡಲು ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ಉಳಿದ ನಾವು ಅಷ್ಟು ದಿನ ಅವನ ಮನೆಯ ಬಾಡಿಗೆ, ಮಕ್ಕಳ ಶಾಲೆಯ ಫೀಸು ಹೇಗೆ ನಡೆಯುತ್ತಿದೆಯೆಂದು ವಿಚಾರಿಸಿದರೆ, ಅವನ ಹೊರೆಯಲ್ಲಿ ಒಂದು ಪಾಲನ್ನಾದರೂ ಹೊತ್ತಂತಾದೀತು.